ಆಯ್ದ ಅತಿಥಿಗಳು ಚಾಂದೋರಿಗೆ ದಯಮಾಡಿಸಿದ್ದು

ಮಡಗಾಂವ್ ಕನ್ನಡದವರ ಗ್ರೂಪಿಗೂ ಬಂತಪ್ಪ ಆ ಪೋಸ್ಟರು. ಗೋವಾದ ಚಾಂದೋರಿನ ಪಾರಂಪರಿಕ ಬಂಗಲೆಗೆ ಒಂದು ದಿನದ ಪ್ರೈವೇಟ್ ಟ್ರಿಪ್, ಆಯ್ದ ಅತಿಥಿಗಳಿಗೆ ಮಾತ್ರ, ರಾಜಮನೆತನದ ಊಟ ಸಮೇತ. ಆಯ್ದ ಅತಿಥಿಗಳು ಅಂದ್ರೆ ಯಾರು ಅಂತೀರಾ? ಗೂಗಲ್ ಪೇ ಮಾಡಿದವರು. ಎಸಿ ಬಸ್ಸು ತುಂಬೋವರೆಗೂ ಆಯ್ಕೆ ನಡೀತಾನೇ ಇರತ್ತೆ. ರಾಜಮನೆತನದ ಊಟದಲ್ಲಿ ನಮ್ಮವರಿಗೆ ಅಂತ ಪನೀರ್ ಶಾಕುತಿ (ಗೋವಾದ ಮಸಾಲೆ ಪಲ್ಯ ಅನ್ನಿ), ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದ್ರೆ ಅದಿಲ್ಲದ ಶಾಕುತಿನೂ ಉಂಟಂತೆ, ಏನಿರತ್ತೋ ಅದ್ರಲ್ಲಿ ದೇವರಿಗೇ ಗೊತ್ತು.

ಮನೆ ಯಾವ್ದು ಅಂತ ಗೊತ್ತಲ್ಲ, ಬ್ರಾಗಾಂಜಾ ಮನೆ. 17ನೇ ಶತಮಾನದ್ದು, ಎರಡು ಭಾಗ, ಎರಡು ಕುಟುಂಬ. ಬಾಗಿಲು ತಟ್ಟಿದ್ರೆ ಮನೆಯವರೇ ಕರ್ಕೊಂಡು ಹೋಗಿ ತೋರಿಸ್ತಾರೆ, ಬರುವಾಗ ರಿಪೇರಿ ಖರ್ಚಿಗೆ ಅಂತ ಒಂದಿಷ್ಟು ಕಾಣಿಕೆ ಕೊಟ್ಟು ಬರೋದು, ಅಷ್ಟೇ. 1964ರ ಗೇಣಿ ಕಾನೂನು, ಆಮೇಲೆ ಅದರ ತಿದ್ದುಪಡಿ ಬಂದ್ಮೇಲೆ ಗೋವಾದ ಭಾಟ್ಕಾರರ, ಅಂದ್ರೆ ಜಮೀನ್ದಾರರ, ಗದ್ದೆಗಳು ಗೇಣಿದಾರರ ಕೈಗೆ ಹೋದ್ವು, ದೊಡ್ಡ ದೊಡ್ಡ ಮನೆಗಳು ಉಳಿದ್ವು, ಅದನ್ನ ಸಾಕೋ ಆದಾಯ ಉಳೀಲಿಲ್ಲ. ಆ ಕಾಣಿಕೆ ಡಬ್ಬಿಗೆ ಕೊನೆಗೆ ಎಷ್ಟು ಬೀಳತ್ತೋ ಕಾಣೆ, ನಡುವೆ ನಿಂತ ಆಯೋಜಕರು ಮಾತ್ರ ತಲೆಗೆ ಐದಂಕಿ ಎಣಿಸ್ಕೋತಾರೆ. ಭಾಟ್ಕಾರಿಕೆ ಹೋಯ್ತು ಅಂದವರು ಯಾರು ಸ್ವಾಮಿ?

ಪೂರ್ವದ ಭಾಗದ ಪ್ರಾರ್ಥನಾ ಕೋಣೇಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಅವರ ಉಗುರು ಇದೆ. ಸಂತರ ದೇಹ ಇರೋದು ಹಳೇ ಗೋವಾದಲ್ಲಿ, ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನ, ಹೋದ ಸಲದ್ದು 2024ರ ನವೆಂಬರಿಂದ 2025ರ ಜನವರಿವರೆಗೆ ನಡೀತು. ಹಿಂದೆ ಒಬ್ಬ ಭಕ್ತೆ ಪಾದಕ್ಕೆ ಮುತ್ತಿಡೋ ನೆಪದಲ್ಲಿ ಕಾಲ್ಬೆರಳನ್ನೇ ಕಚ್ಚಿಕೊಂಡು ಹೋದ್ಳು ಅಂತ ಕಥೆ. ಕಚ್ಚಿದ್ರೂ ಆಕೆಗೆ ಭಕ್ತಿ ಇತ್ತು ಮಾರಾಯ್ರೇ. ನಮ್ಮ ಅತಿಥಿಗಳು, "ಇಷ್ಟೇನಾ? ಝೂಮ್ ಮಾಡ್ರೀ, ಕಾಣ್ತಿಲ್ಲ" ಅಂತಾರೆ, ಮನೆಯವರು ಅಲ್ಲೇ ನಿಂತಿರ್ತಾರೆ.

ಪಶ್ಚಿಮದ ಭಾಗ ಲೂಯಿಸ್ ದ ಮೆನೆಜಿಸ್ ಬ್ರಾಗಾಂಜಾ ಅವರದ್ದು. 1900ರಲ್ಲಿ 'ಓ ಹೆರಾಲ್ಡೊ' ಪತ್ರಿಕೆ ಶುರು ಮಾಡಿದವರಲ್ಲಿ ಒಬ್ರು, 1930ರಲ್ಲಿ ಪೋರ್ಚುಗೀಸರ ಮುಂದೆನೇ ನಿಂತು ನಮ್ಮನ್ನ ಆಳ್ಕೊಳ್ಳೋ ಹಕ್ಕು ನಮಗಿದೆ ಅಂತ ಠರಾವು ಮಂಡಿಸಿದ ಮನುಷ್ಯ. ಅವರ ಮನೆತನದ ಗ್ರಂಥಭಂಡಾರದ ಮುಂದೆ ಬಾಡಿಗೆ ಗೌನು ಹಾಕ್ಕೊಂಡು, ಬಾಡಿಗೆ ಬೀಸಣಿಗೆ ಹಿಡ್ಕೊಂಡು, "ಪೋರ್ಚುಗೀಸ್ ರಾಣಿ" ಅಂತ ರೀಲ್ಸು. ಬೀಸಣಿಗೆ ಪ್ಯಾಕೇಜಲ್ಲಿ ಫ್ರೀ.

ಕದಂಬರು ಮಾತ್ರ ಪ್ಯಾಕೇಜಲ್ಲಿ ಇಲ್ಲ. ಈ ಚಾಂದೋರೇ ಚಂದ್ರಪುರ, ಗೋಪಕಪಟ್ಟಣಕ್ಕೆ ಹೋಗೋಕೆ ಮುಂಚೆ ಗೋವಾ ಕದಂಬರ ರಾಜಧಾನಿ ಇದೇ. ಕೋಟೆ ಜಾಗದಲ್ಲಿ ತಲೆ ಇಲ್ಲದ ನಂದಿ ಕೂತಿದೆ, ಬಂಗಲೆಯಿಂದ ದೂರವೇನಲ್ಲ. ಕನ್ನಡಿಗರ ಟ್ರಿಪ್ಪು, ಕನ್ನಡದಲ್ಲೇ ಗೈಡು, ಆದ್ರೂ ಅಲ್ಲಿ ಬಸ್ಸು ನಿಲ್ಲಲ್ಲ, ಎಸಿ ಆಫ್ ಆಗತ್ತಂತೆ.

ರೈಲು ಹಳಿನೂ ಪ್ಯಾಕೇಜಲ್ಲಿ ಇಲ್ಲ. 2020ರ ನವೆಂಬರ್ 1ರ ರಾತ್ರಿ ಇದೇ ಊರಿನ ರೈಲ್ವೆ ಗೇಟಲ್ಲಿ ಸಾವಿರಾರು ಜನ ಹಳಿ ಮೇಲೆ ಕೂತಿದ್ರು, ಜೋಡಿ ಹಳಿ ಬೇಡ, ಕಲ್ಲಿದ್ದಲು ಗಾಡಿ ಓಡಾಡಿ ನಮ್ಮ ಹಳೇ ಮನೆಗಳ ಗೋಡೆ ಅದುರತ್ತೆ ಅಂತ. ಮುರ್ಮುಗಾವ್ ಬಂದರಿಂದ ಆ ಕಲ್ಲಿದ್ದಲು ಹೋಗೋದು ಎಲ್ಲಿಗೆ? ನಮ್ಮ ಬಳ್ಳಾರಿ ಕಡೆಗೇ. ಪರಂಪರೆ ಅಂತ ಬಾಯಿ ತುಂಬ ಹೇಳ್ಕೊಂಡು ಬಂದವರಿಗೆ ಇದನ್ನ ಯಾರು ಹೇಳ್ಬೇಕು.

ಇಂಥದ್ದೇ ಇನ್ನೊಂದು ಹಳೇ ಮನೇಲಿ ಚಿರೇಕಲ್ಲು ಕೂರಿಸಿ ಗಾರೆ ಹಾಕೋ ಬಾಗಲಕೋಟೆ ಕಡೆ ಅಣ್ಣನಿಗೆ ಪೋಸ್ಟರು ತೋರಿಸ್ದೆ. ಬಿದ್ದು ಬಿದ್ದು ನಕ್ಕ. "ನೀವು ರೊಕ್ಕಾ ಕೊಟ್ಟು ಒಳಗ ಹೊಕ್ಕೀರಿ, ನಮಗ ರೊಕ್ಕಾ ಕೊಟ್ಟು ಕರಿತಾರ. ಶ್ಯಾಣ್ಯಾ ಯಾರ್ರೀ ಸರ?"

ಆ ಅಣ್ಣನಂಥವರನ್ನ ಇಲ್ಲಿ ಕರೆಯೋದು ಘಾಂಟಿ ಅಂತ, ಘಟ್ಟದಾಚೆಯವರು ಅಂತ ಹೀಯಾಳಿಸೋ ಮಾತು, ಅದೂ ಕದಂಬ ಅಂತ ಹೆಸರು ಬರ್ಕೊಂಡ ಸರ್ಕಾರಿ ಬಸ್ಸಲ್ಲೇ. ವಾಸ್ಕೋದ ಬೈನಾ ಕಡಲ ದಂಡೇಲಿ 2017ರಲ್ಲಿ ಬುಲ್ಡೋಜರ್ ಬಂದಾಗ ಬಿದ್ದಿದ್ದು ಕನ್ನಡದವರ ಮನೆಗಳು, ಎಷ್ಟೋ ವರ್ಷದಿಂದ ಅಲ್ಲೇ ಇದ್ದವರು, ರೇಷನ್ ಕಾರ್ಡು ಇದ್ದವರು. ಆವಾಗ ಮನೆ ಅಂದ್ರೆ ಪರಂಪರೆ ಅಂತ ಯಾರಿಗೂ ನೆನಪಾಗಲಿಲ್ಲ, ನಮ್ಮ ಗ್ರೂಪಲ್ಲಿ ಆ ವಾರ ಪೂರ್ತಿ ದಸರಾ ಊಟದ ಮೆನು ಚರ್ಚೆ ನಡೀತಿತ್ತು, ಹೋಳಿಗೆನೋ ಶಿರಾನೋ ಅಂತ, ಬೈನಾದಿಂದ ಒಬ್ರು ಹಾಕಿದ ವಿಡಿಯೋ ಕೆಳಗೆ ಒಂದು ಕೈಮುಗಿದ ಎಮೋಜಿ ಬಿಟ್ರೆ ಏನೂ ಇಲ್ಲ. ಈಗ ನೋಡಿದ್ರೆ ಟ್ರಿಪ್ಪಿಗೆ ಸೀಟು ಸಾಲದೆ ಎರಡನೇ ಬಸ್ಸು ಮಾಡಿದಾರಂತೆ.