ತೋಳ ಬಂತು ತೋಳ, ಅದೂ ಮಂಗಳೂರಿಗೆ

ಮಂಗಳೂರಿನಲ್ಲಿ ಈಗ ತೋಳಕ್ಕೂ ಗಿರಾಕಿಗಳಿದ್ದಾರೆ. ಪೂರ್ತಿ ತೋಳಕ್ಕಲ್ಲ, ತೋಳ ಮತ್ತು ನಾಯಿಯ ಮಿಶ್ರತಳಿಗೆ. ಕೊಲ್ಲಿಯಿಂದ ಮರಳಿ ಬಿಜೈಯಲ್ಲಿ ಫ್ಲ್ಯಾಟ್ ಕೊಂಡಿರುವ ನಮ್ಮ ಬಂಧುಗಳ ಹುಡುಗನೊಬ್ಬ ಮೊನ್ನೆ ಒಂದು ಮರಿಯ ವಿಡಿಯೊ ಕಳಿಸಿ, “ದೊಡ್ಡಪ್ಪ, ಇದು ಶೇಕಡಾ ಎಪ್ಪತ್ತು ತೋಳವಂತೆ, ತೆಗೆದುಕೊಳ್ಳಲೇ?” ಎಂದು ಕೇಳಿದ. ಅವನಿಗೆ ಕೊಟ್ಟ ಉತ್ತರ ಚಿಕ್ಕದಾಗಿತ್ತು, ಇಲ್ಲಿ ಬರೆಯುವಂಥದ್ದೂ ಆಗಿರಲಿಲ್ಲ. ಅದರ ಉದ್ದನೆಯ, ಮರ್ಯಾದಸ್ಥ ರೂಪ ಇದು.

ಮೊದಲು ಮಾರುವವನ ವಿಷಯ. ತೋಳ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ, ಅಂದರೆ ಹುಲಿ ಇರುವ ಸಾಲಿನಲ್ಲೇ. ಅದನ್ನು ಹಿಡಿಯುವುದೂ ಅಪರಾಧ, ಮಾರುವುದೂ ಅಪರಾಧ. ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ವಿದೇಶದಿಂದ ತಂದದ್ದು ಎನ್ನುತ್ತಾನೆಯೇ? ಮರಿ ಮಾಡಿಸಿ ಮಾರುವ ವ್ಯಾಪಾರಕ್ಕಾಗಿ ನಾಯಿಗಳನ್ನು ಆಮದು ಮಾಡಿಕೊಳ್ಳುವುದನ್ನು ಕೇಂದ್ರ ಸರ್ಕಾರ 2016ರಲ್ಲೇ ನಿಲ್ಲಿಸಿದೆ. ಊರಿಗೆ ಮರಳುವವರು ತಾವು ಸಾಕಿದ ನಾಯಿಯನ್ನು ಜೊತೆಯಲ್ಲಿ ತರಬಹುದು, ಅಷ್ಟೇ. ಹಾಗಾದರೆ ಶೇಕಡಾ ಎಪ್ಪತ್ತು ತೋಳದ ಮರಿ ಇವನ ಕೈಗೆ ಬಂದದ್ದು ಹೇಗೆ? ಆ ಮರಿಯ ಅಪ್ಪನೋ ಅಮ್ಮನೋ ಅಜ್ಜನೋ ಎಲ್ಲೋ ಒಂದು ಕಡೆ ಯಾರದೋ ಬಂಧನದಲ್ಲಿದ್ದ ತೋಳವಾಗಿರಲೇಬೇಕು. ಹಾಗಿದ್ದರೆ ಮಾರುವವನು ಅಪರಾಧಿ. ಹಾಗಿಲ್ಲದಿದ್ದರೆ ಸುಳ್ಳುಗಾರ. ನನ್ನ ಊಹೆ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಸುಳ್ಳುಗಾರರೇ. ಸೈಬೀರಿಯನ್ ಹಸ್ಕಿಗೋ ಅಲಾಸ್ಕನ್ ಮ್ಯಾಲಮ್ಯೂಟ್‌ಗೋ ಜರ್ಮನ್ ಶೆಫರ್ಡ್ ಬೆರೆಸಿ, ಬೂದುಬಣ್ಣದ ಮರಿ ಹುಟ್ಟಿದೊಡನೆ ಬೆಲೆಗೆ ಒಂದು ಸೊನ್ನೆ ಸೇರಿಸುತ್ತಾರೆ.

ಕಳೆದ ವರ್ಷ, 2025ರ ಮಾರ್ಚಿನಲ್ಲಿ, ಬೆಂಗಳೂರಿನಿಂದ ಬಂದ ಸುದ್ದಿ ನೆನಪಿರಬಹುದು. ತೋಳ ಮತ್ತು ಕಕೇಶಿಯನ್ ಶೆಫರ್ಡ್ ಬೆರೆತ ನಾಯಿಯನ್ನು 50 ಕೋಟಿ ರೂಪಾಯಿಗೆ ಕೊಂಡಿದ್ದೇನೆಂದು ಒಬ್ಬರು ಹೇಳಿಕೊಂಡರು, ವಿದೇಶದ ಪತ್ರಿಕೆಗಳೂ ಕಣ್ಣುಮುಚ್ಚಿ ಅಚ್ಚು ಹಾಕಿದವು. ಏಪ್ರಿಲಿನಲ್ಲಿ ಜಾರಿ ನಿರ್ದೇಶನಾಲಯದವರು ಮನೆಗೇ ಬಂದು ವಿಚಾರಿಸಿದಾಗ ಅಂಥ ಖರೀದಿಯೇ ನಡೆದಿಲ್ಲ ಎಂಬ ವರದಿ ಬಂತು. ಆದರೆ ಸುಳ್ಳೆಂದು ಗೊತ್ತಾದ ಮೇಲೂ ಸುದ್ದಿ ತನ್ನ ಕೆಲಸ ಮಾಡಿತು. ತೋಳನಾಯಿ ಎಂದರೆ ಶ್ರೀಮಂತರ ಪ್ರಾಣಿ ಎಂಬ ಭಾವನೆ ಕಾರಿನ ಮಾದರಿಯಂತೆ ಹುಡುಗರ ತಲೆಯೊಳಗೆ ಕುಳಿತುಬಿಟ್ಟಿತು.

ಈ ಶೇಕಡಾವಾರು ಲೆಕ್ಕವೂ ಬಹುಪಾಲು ಬೊಗಳೆಯೇ. ಅಪ್ಪಟ ತೋಳಕ್ಕೂ ಅಪ್ಪಟ ನಾಯಿಗೂ ಹುಟ್ಟಿದ ಮೊದಲ ತಲೆಮಾರಿನಲ್ಲಿ ಅರ್ಧಕ್ಕರ್ಧ ಎನ್ನಬಹುದು. ಎರಡಕ್ಕೂ 78 ವರ್ಣತಂತುಗಳೇ ಇರುವುದರಿಂದ ಹುಟ್ಟಿದ ಮರಿಗಳಿಗೂ ಮರಿಗಳಾಗುತ್ತವೆ, ಕತ್ತೆ-ಕುದುರೆಗೆ ಹುಟ್ಟಿದ ಹೇಸರಗತ್ತೆಯ ಹಾಗಲ್ಲ. ಆದರೆ ಎರಡನೇ ತಲೆಮಾರಿನಿಂದ ಮುಂದೆ ಒಂದೇ ಸೂಲಿನ ಮರಿಗಳಲ್ಲೂ ಯಾರಿಗೆ ಅಜ್ಜನ ಪಾಲು ಎಷ್ಟು ಬಂತೆಂದು ಕಣ್ಣಳತೆಯಲ್ಲಿ ಹೇಳಲಾಗದು. ತೋಳದ ಮುಖ ಬಂದ ಮರಿಗೆ ನಾಯಿಯ ಗುಣ ಬಂದಿರಬಹುದು, ಕಪ್ಪು ಮೂತಿಯ ಸಾಧು ಮರಿಗೆ ತೋಳದ ಗುಣ. ಕೊಳ್ಳುವವನು ದುಡ್ಡು ಕೊಡುವುದು ಮುಖಕ್ಕೆ, ಮನೆಗೆ ಬರುವುದು ಗುಣ.

ಆ ಗುಣದ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ. ಹಂಗೇರಿಯ ಬುಡಾಪೆಸ್ಟ್‌ನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕಣ್ಣು ಬಿಡುವ ಮೊದಲಿನಿಂದ ಮನುಷ್ಯರೇ ಬಾಟಲಿ ಹಾಲುಣಿಸಿ ಬೆಳೆಸಿದ ತೋಳಗಳು ಒಂದು ಕಡೆ, ನಾಯಿಗಳು ಇನ್ನೊಂದು ಕಡೆ. ಹಗ್ಗ ಎಳೆದು ಮಾಂಸ ತೆಗೆದುಕೊಳ್ಳುವುದನ್ನು ಎರಡೂ ಕಲಿತವು. ಆಮೇಲೆ ಹಗ್ಗವನ್ನು ಎಳೆದರೂ ಬಾರದಂತೆ ಬಿಗಿದರು. ನಾಯಿಗಳು ಸ್ವಲ್ಪ ಹೊತ್ತು ಎಳೆದು ನೋಡಿ, ಹಿಂದೆ ನಿಂತಿದ್ದ ಯಜಮಾನನ ಮುಖ ನೋಡಿದವು. ತೋಳಗಳು ನೋಡಲಿಲ್ಲ; ಹಗ್ಗದ ಜೊತೆಗೇ ಗುದ್ದಾಡುತ್ತಿದ್ದವು. ನಾಯಿ ಸಾಕಿದವರಿಗೆ ಈ ಪ್ರಯೋಗದ ಅರ್ಥ ವಿವರಿಸಬೇಕಾಗಿಲ್ಲ. ಸೋಫಾದಡಿಗೆ ಚೆಂಡು ಹೋದಾಗ ನಮ್ಮ ಮನೆಯವನು ಮಾಡುವುದೂ ಅದನ್ನೇ. ‘ಈಗ ನೀನು ತೆಗೆದುಕೊಡು’ ಎಂಬ ಆ ನೋಟದ ಮೇಲೆಯೇ ನಾಯಿ-ಮನುಷ್ಯರ ಸಂಸಾರ ನಿಂತಿದೆ. ತೋಳ ದುಷ್ಟವಲ್ಲ, ಪೆದ್ದು ಅಲ್ಲವೇ ಅಲ್ಲ. ಅದಕ್ಕೆ ನಮ್ಮ ಅಗತ್ಯವಿಲ್ಲ, ಅಷ್ಟೇ.

ಇನ್ನೊಂದು ವ್ಯತ್ಯಾಸ ಮರಿತನದಲ್ಲೇ ಇದೆ. ನಾಯಿಮರಿ ಸುಮಾರು ನಾಲ್ಕು ವಾರದ ಹೊತ್ತಿಗೆ, ಕಣ್ಣು ಕಿವಿ ಎರಡೂ ತೆರೆದ ಮೇಲೆ, ಸುತ್ತಲಿನ ಜಗತ್ತನ್ನು ಪರಿಚಯ ಮಾಡಿಕೊಳ್ಳಲು ಹೊರಡುತ್ತದೆ. ತೋಳದ ಮರಿ ಎರಡೇ ವಾರಕ್ಕೆ, ಕಣ್ಣು ಕಾಣದೆ ಕಿವಿ ಕೇಳದೆ, ಬರೀ ಮೂಗಿನ ಬಲದಿಂದ ಓಡಾಡತೊಡಗುತ್ತದೆ. ಆಮೇಲೆ ಕೇಳುವ ಪ್ರತಿ ಶಬ್ದವೂ ಕಾಣುವ ಪ್ರತಿ ವಸ್ತುವೂ ಅದಕ್ಕೆ ಹೊಸದು, ಹೊಸದೆಲ್ಲ ಭಯದ್ದು. ಹೀಗಾಗಿ ಮಿಶ್ರತಳಿಯ ದೊಡ್ಡ ಸಮಸ್ಯೆ ಅದರ ಕ್ರೌರ್ಯವಲ್ಲ, ಅಂಜುಬುರುಕುತನ. ಹಾಲೆಂಡಿನ ಲೀಂಡರ್ಟ್ ಸಾರ್ಲೋಸ್ ಎಂಬಾತ 1930ರ ದಶಕದಲ್ಲಿ ಜರ್ಮನ್ ಶೆಫರ್ಡ್ ಗಂಡಿಗೆ ಮೃಗಾಲಯದ ಹೆಣ್ಣು ತೋಳವನ್ನು ಕೂಡಿಸಿ, ಗಟ್ಟಿಮುಟ್ಟಾದ ಕೆಲಸದ ನಾಯಿಯ ತಳಿಯೊಂದನ್ನು ಕಟ್ಟಲು ಹೊರಟ. ಹುಟ್ಟಿದ ಪ್ರಾಣಿಗಳು ಅಪರಿಚಿತರನ್ನು ಕಂಡರೆ ಹಿಂದೆ ಸರಿಯುವ, ಸಂಕೋಚದ ಜೀವಗಳಾದವು. ಅವನ ಮರಣಾನಂತರ, 1975ರಲ್ಲಿ, ಆ ತಳಿಗೆ ಅವನ ಹೆಸರನ್ನೇ ಇಟ್ಟರು. ಪೊಲೀಸ್ ಕೆಲಸಕ್ಕೆ ಮಾತ್ರ ಅದು ಒದಗಲಿಲ್ಲ.

ಈ ಅಂಜುಬುರುಕ ಜೀವವನ್ನು ತಂದು ನಮ್ಮ ಊರಿನಲ್ಲಿ ಇಟ್ಟು ನೋಡಿ. ಪಕ್ಕದ ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನದ ಚೆಂಡೆ, ಕೋಲದ ದಿನ ಗರ್ನಾಲು, ಮೊಸರುಕುಡಿಕೆಯ ಗದ್ದಲ, ಹುಲಿವೇಷದ ತಾಸೆ, ಮನೆಯೆದುರು ಹಾರ್ನು ಬಾರಿಸುತ್ತ ಹೋಗುವ ಸಿಟಿ ಬಸ್ಸು. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮನುಷ್ಯರೇ ಬನಿಯನ್ ಹಿಂಡಿಕೊಳ್ಳುತ್ತಾರೆ. ಆಮೇಲೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಲ. ದಪ್ಪ ತುಪ್ಪಳದ ನಾಯಿಗಳಿಗೆ ಚರ್ಮರೋಗ ತಪ್ಪಿದ್ದಲ್ಲ. ಕದ್ರಿ ಪಾರ್ಕಿನ ಸುತ್ತ ಸಂಜೆ ಹೊತ್ತು ನಾಲಿಗೆ ಇಳಿಬಿಟ್ಟು ನಡೆಯುವ ಹಸ್ಕಿಗಳನ್ನು ಕಂಡರೇ ನನಗೆ ಹೊಟ್ಟೆ ಉರಿಯುತ್ತದೆ. ಜಾಗದ ಮಾತಂತೂ ಬೇಡವೇ ಬೇಡ. ಇಂಥ ಪ್ರಾಣಿಗಳ ಆಶ್ರಯಧಾಮ ನಡೆಸುವವರು ಎಂಟು ಅಡಿ ಎತ್ತರದ ಬೇಲಿ ಬೇಕು, ಬುಡ ತೋಡಿ ನುಸುಳದಂತೆ ನೆಲದೊಳಗೂ ಜಾಲರಿ ಇಳಿದಿರಬೇಕು ಎನ್ನುತ್ತಾರೆ. ನಮ್ಮಲ್ಲಿ ಐದು ಸೆಂಟ್ಸ್ ಜಾಗ, ಸೊಂಟದೆತ್ತರದ ಕೆಂಪುಕಲ್ಲಿನ ಕಂಪೌಂಡು, ಅದರಾಚೆ ನೆರೆಯವರ ಕೋಳಿಗಳು.

ಊಟದ ವಿಷಯದಲ್ಲೊಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಪಿಷ್ಟ ಜೀರ್ಣಿಸುವ ಕಿಣ್ವಕ್ಕೆ ಬೇಕಾದ ಒಂದು ವಂಶವಾಹಿ ತೋಳದಲ್ಲಿ ಎರಡು ಪ್ರತಿ ಮಾತ್ರ ಇದ್ದರೆ, ಬಹುಪಾಲು ನಾಯಿಗಳಲ್ಲಿ ಅದರ ಹಲವು ಪಟ್ಟು ಪ್ರತಿಗಳಿವೆ ಎಂಬುದನ್ನು 2013ರಲ್ಲಿ ಕಂಡುಕೊಂಡರು. ಮನುಷ್ಯನ ಅಡುಗೆಮನೆಯ ಹಿತ್ತಿಲಲ್ಲಿ ಬಾಳಿದ ಪ್ರಾಣಿಗೆ ಆದ ಮಾರ್ಪಾಡು ಅದು. ಕುಚ್ಚಲಕ್ಕಿ ಗಂಜಿಗೆ ಬಂಗುಡೆಯ ತಲೆ ಹಿಚುಕಿ ಹಾಕಿದರೆ ತಟ್ಟೆ ನೆಕ್ಕುವ ಕರಾವಳಿಯ ನಾಯಿ ಸಾವಿರಾರು ವರ್ಷಗಳ ಫಲ, ಮಾರಾಯರೇ. ಅದನ್ನು ಹಿಂದಕ್ಕೆ ತಿರುಗಿಸಲು ಇವರು ಲಕ್ಷಗಟ್ಟಲೆ ಕೊಡುತ್ತಾರೆ.

ಸಾಕುವವರ ಪರವಾಗಿಯೂ ವಾದಗಳಿವೆ, ಎಲ್ಲವೂ ಹಗುರವಾದವಲ್ಲ. ಜೆಕೊಸ್ಲೊವಾಕಿಯನ್ ತೋಳನಾಯಿಯ ಉದಾಹರಣೆ ಕೊಡುತ್ತಾರೆ. ನಿಜ, 1955ರಲ್ಲಿ ಪ್ರಯೋಗವಾಗಿ ಶುರುವಾಗಿ, ಗಡಿ ಕಾಯುವ ಕೆಲಸಕ್ಕೆ ಬಳಕೆಯಾಗಿ, 1999ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ತಳಿ ಅದು. ಅಷ್ಟು ತಲೆಮಾರು ದಾಟಿದ ಮೇಲೆ ಅದನ್ನು ನಾಯಿ ಎನ್ನಲು ನನ್ನದೇನೂ ಅಡ್ಡಿಯಿಲ್ಲ. ಆದರೂ ನಾರ್ವೆ ಅದನ್ನು ನಿಷೇಧಿಸಿದೆ. ಬ್ರಿಟನ್ನಿನಲ್ಲಿ ತೋಳದಿಂದ ಮೊದಲ ಎರಡು ತಲೆಮಾರಿನ ಮಿಶ್ರತಳಿ ಸಾಕಬೇಕಾದರೆ ಅಪಾಯಕಾರಿ ವನ್ಯಪ್ರಾಣಿಗಳ 1976ರ ಕಾಯ್ದೆಯಡಿ ಪರವಾನಗಿ ಬೇಕು, ಮೂರನೆಯದಕ್ಕೆ ಬೇಡ. ಈ ಗೆರೆ ನನಗೆ ವಿವೇಕದ್ದಾಗಿ ಕಾಣುತ್ತದೆ. ಆದರೆ ಗೆರೆ ಎಳೆಯಲು ವಂಶಾವಳಿಯ ನಂಬಬಹುದಾದ ದಾಖಲೆ ಇರಬೇಕಲ್ಲ! ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂಬ 2017ರ ನಿಯಮವನ್ನೇ ಗಾಳಿಗೆ ತೂರುವವರ ಕೈಯಲ್ಲಿ ಮೂರು ತಲೆಮಾರಿನ ದಾಖಲೆ ಹುಡುಕುತ್ತೀರಾ?

ಅನುಭವಿ ಯಜಮಾನನಿದ್ದರೆ ಏನೂ ಆಗುವುದಿಲ್ಲ ಎಂಬುದು ಎರಡನೆಯ ವಾದ. ಯಜಮಾನ ಅನುಭವಿಯೇ ಇರಬಹುದು, ಅವನು ದುಬೈಗೆ ಮರಳಿದ ಮೇಲೆ ಗಂಜಿ ಹಾಕುವ ಅವನ ಅಮ್ಮ ಅನುಭವಿಯೇ? ತೋಳ ಪ್ರೌಢಾವಸ್ಥೆಗೆ ಬರುವುದು ಸುಮಾರು ಎರಡು ವರ್ಷಕ್ಕೆ. ಅಲ್ಲಿಯವರೆಗೆ ಮುದ್ದಾಗಿದ್ದ ಮರಿ ಆಮೇಲೆ ಮನೆಯವರನ್ನೇ ಪರೀಕ್ಷಿಸತೊಡಗುವುದುಂಟು. ಅಷ್ಟರಲ್ಲಿ ರಜೆ ಮುಗಿದಿರುತ್ತದೆ.

ಕಾರ್ಕಳದ ಕಡೆಯ ಪರಿಚಿತರೊಬ್ಬರದು ಇನ್ನೊಂದು ತರ್ಕ: ಚಿರತೆ ಕಾಟ ಹೆಚ್ಚಾಗಿದೆ, ತೋಳನಾಯಿ ಇದ್ದರೆ ಹತ್ತಿರ ಬಾರದು. ನಾಯಿಯನ್ನು ಅಟ್ಟಿಸಿಕೊಂಡು ಬಂದು ಬಾವಿಗೆ ಬಿದ್ದ ಚಿರತೆಯನ್ನು ಮೇಲೆತ್ತುವುದು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಅರಣ್ಯ ಸಿಬ್ಬಂದಿಗೆ ಮಾಮೂಲಿ ಕೆಲಸ. ಮಹಾರಾಷ್ಟ್ರದ ಅಕೋಲೆಯಲ್ಲಿ ನಡೆದ ಅಧ್ಯಯನದಲ್ಲಿ ಚಿರತೆಯ ಆಹಾರದಲ್ಲಿ ಅತಿ ದೊಡ್ಡ ಪಾಲು ನಾಯಿಯದ್ದೇ ಆಗಿತ್ತು. ಬೆಲೆ ಹೆಚ್ಚು ಎಂದು ಚಿರತೆ ಬಿಟ್ಟುಹೋಗುವುದಿಲ್ಲ.

ರೇಬೀಸ್ ವಿಷಯ ತಮಾಷೆಯದಲ್ಲ. ಕಚ್ಚಿದ ಸಾಕುನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡುವ ಪದ್ಧತಿ ನಮಗೆಲ್ಲ ಗೊತ್ತು. ಆ ಹತ್ತು ದಿನದ ಲೆಕ್ಕ ನಾಯಿ, ಬೆಕ್ಕುಗಳ ಮೇಲೆ ನಡೆದ ಅಧ್ಯಯನದಿಂದ ಬಂದದ್ದು. ತೋಳದ ಮಿಶ್ರತಳಿಗೆ ಅದು ಒಪ್ಪುತ್ತದೆಂದು ಯಾರೂ ಸಾಬೀತುಪಡಿಸಿಲ್ಲ. ಅಮೆರಿಕದಲ್ಲಿ ಈ ಮಿಶ್ರತಳಿಗೆಂದು ಪರವಾನಗಿ ಪಡೆದ ರೇಬೀಸ್ ಲಸಿಕೆಯೇ ಇಲ್ಲ. ಹಾಗಾಗಿ ಅದು ಯಾರನ್ನಾದರೂ ಕಚ್ಚಿದರೆ, ಚುಚ್ಚುಮದ್ದು ಹಾಕಿಸಿದ್ದರೂ, ಕೊಂದು ಮಿದುಳು ಪರೀಕ್ಷಿಸುವ ತೀರ್ಮಾನಕ್ಕೆ ಅಧಿಕಾರಿಗಳು ಬರಬಹುದು. ಪಕ್ಕದ ಮನೆಯ ಮಗುವಿಗೂ ಅನ್ಯಾಯ, ಆ ಪ್ರಾಣಿಗೂ ಅನ್ಯಾಯ.

ಇಷ್ಟೆಲ್ಲ ಹೇಳಿದ ಮೇಲೆ, 2024ರ ಮಾರ್ಚಿನ ಕೇಂದ್ರದ ಸುತ್ತೋಲೆಯನ್ನು ನಾನು ಬೆಂಬಲಿಸುತ್ತೇನೆಂದು ಕೆಲವರು ಭಾವಿಸಬಹುದು. ಇಲ್ಲ. ಇಪ್ಪತ್ಮೂರು ತಳಿಗಳನ್ನು ನಿಷೇಧಿಸಿ ಎಂದು ರಾಜ್ಯಗಳಿಗೆ ಬರೆದ ಆ ಪಟ್ಟಿಯಲ್ಲಿ ಪಿಟ್‌ಬುಲ್, ರಾಟ್‌ವೀಲರ್‌ಗಳ ನಡುವೆ ತೋಳನಾಯಿಯನ್ನೂ ತುರುಕಿದ್ದರು. ಟೋಸಾ ತಳಿ ಎರಡು ಕಡೆ ಬಂದಿತ್ತು, ಒಂದು ಕಡೆ ಸುಮ್ಮನೆ ‘ಟೆರಿಯರ್‌ಗಳು’ ಎಂದು ಬರೆದಿದ್ದರು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು, ಸರಿಯಾಗಿಯೇ ಮಾಡಿತು. ನನ್ನ ತಕರಾರು ಬೇರೆ. ರಾಟ್‌ವೀಲರ್ ನಾಯಿ; ಕೆಟ್ಟದಾಗಿ ಸಾಕಿದರೆ ಅಪಾಯ, ಚೆನ್ನಾಗಿ ಸಾಕಿದರೆ ಮನೆಯ ಸದಸ್ಯ. ತೋಳದ ಮೊದಲೆರಡು ತಲೆಮಾರಿನ ಮಿಶ್ರತಳಿಯ ಪ್ರಶ್ನೆ ಅಪಾಯಕಾರಿ ತಳಿಯ ಪ್ರಶ್ನೆಯೇ ಅಲ್ಲ, ವನ್ಯಜೀವಿಯ ಪ್ರಶ್ನೆ. ಅದನ್ನು ಪಶುಸಂಗೋಪನಾ ಇಲಾಖೆಯ ಪಟ್ಟಿಯಿಂದ ತೆಗೆದು ಅರಣ್ಯ ಇಲಾಖೆಯ ಮೇಜಿನ ಮೇಲಿಡಬೇಕು, ಮಿಶ್ರತಳಿಯನ್ನೂ ಹೆಸರಿಸಿ ಸ್ಪಷ್ಟ ನಿಯಮ ಬರೆಯಬೇಕು. ಪಟ್ಟಿ ರದ್ದಾದದ್ದನ್ನೇ ತೋರಿಸಿ ‘ಈಗ ತೋಳನಾಯಿ ಕಾನೂನುಬದ್ಧ’ ಎಂದು ಮಾರುವವರ ಬಾಯಿ ಆಗ ಮುಚ್ಚುತ್ತದೆ.

ಇದು ಅರಣ್ಯ ಇಲಾಖೆಯ ಪ್ರಶ್ನೆ ಎನ್ನಲು ಇನ್ನೊಂದು ಕಾರಣವೂ ಇದೆ. ನಿಜವಾದ ತೋಳನಾಯಿಗಳು ನಮ್ಮ ದೇಶದಲ್ಲಿ ಹುಟ್ಟುತ್ತಿವೆ, ಯಾರ ಫ್ಲ್ಯಾಟಿನಲ್ಲೂ ಅಲ್ಲ. ಪುಣೆಯ ಸುತ್ತಲಿನ ಹುಲ್ಲುಗಾವಲಿನಲ್ಲಿ ತೋಳದ ಗುಂಪಿನೊಂದಿಗೆ ತಿರುಗುತ್ತಿದ್ದ ವಿಚಿತ್ರ ಬಣ್ಣದ ಪ್ರಾಣಿಯೊಂದು ನಾಯಿಯ ಮಿಶ್ರಣವೆಂದು ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು, 2023ರಲ್ಲಿ ಅದರ ವರದಿ ಪ್ರಕಟವಾಯಿತು. ಕಸದ ರಾಶಿ ಬೀದಿನಾಯಿಗಳನ್ನು ಬೆಳೆಸುತ್ತದೆ, ನಾಯಿಗಳು ಹುಲ್ಲುಗಾವಲಿಗೆ ನುಗ್ಗುತ್ತವೆ, ಜೊತೆ ಸಿಗದ ತೋಳ ನಾಯಿಯೊಂದಿಗೆ ಕೂಡುತ್ತದೆ. ಭಾರತದ ತೋಳಗಳು ಉಳಿದಿರುವುದೇ ಸುಮಾರು 3,000. ನಮ್ಮ ರಾಜ್ಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಮಾಡಿದೆ, ಅದರ ವಿಸ್ತೀರ್ಣ 332 ಹೆಕ್ಟೇರ್ ಅಷ್ಟೇ. ಒಂದು ಗುಂಪು ಓಡಾಡುವ ವ್ಯಾಪ್ತಿ ನೂರು ಚದರ ಕಿಲೋಮೀಟರನ್ನೂ ದಾಟುತ್ತದೆ. ಧಾಮದ ಗಡಿಯಾಚೆ ಇರುವುದೆಲ್ಲ ಹೊಲ, ಹಳ್ಳಿ, ಮತ್ತೆ ನಾಯಿ. ತೋಳದ ಮೇಲೆ ನಿಜವಾದ ಮೋಹವಿದ್ದವರು ಆ ಕಡೆಯ ನಾಯಿಗಳ ಸಂತಾನಹರಣ ಚಿಕಿತ್ಸೆಗೆ, ಲಸಿಕೆಗೆ ನಾಲ್ಕು ಕಾಸು ಕೊಡಲಿ. ನಾಯಿಯ ಮೇಲೆ ಮೋಹವಿದ್ದವರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳವಿದೆ.

ಒಂದು ವೇಳೆ ನಿಭಾಯಿಸಲಾಗದಿದ್ದರೆ ಕುದುರೆಮುಖದ ಕಾಡಿಗೆ ಬಿಟ್ಟರಾಯಿತು ಎಂದು ಹೇಳುವವರೂ ಇದ್ದಾರೆ. ತೋಳ ಬಯಲುಸೀಮೆಯ ಕುರುಚಲು ಹುಲ್ಲುಗಾವಲಿನ ಪ್ರಾಣಿ. ಮಳೆಕಾಡಿನಲ್ಲಿ ಅದಕ್ಕೆ ಬಂಧುಗಳಿಲ್ಲ. ಫ್ಲ್ಯಾಟಿನಲ್ಲಿ ಚಿಕನ್ ತಿಂದು ಬೆಳೆದ, ಬೇಟೆ ಕಲಿಯದ, ಮನುಷ್ಯರನ್ನು ಊಟದೊಂದಿಗೆ ಗುರುತಿಸುವ ಪ್ರಾಣಿ ಅಲ್ಲಿಂದ ನೇರ ಇಳಿದು ಬರುವುದು ಕಳಸದ ಕಡೆಯ ಕೊಟ್ಟಿಗೆಗಳಿಗೆ. ಕರು ಕಳೆದುಕೊಂಡವರು ಅದರ ಮುಖ ನೋಡಿ ಮೆಚ್ಚುತ್ತಾ ನಿಲ್ಲುವುದಿಲ್ಲ. ಆದ್ದರಿಂದ ಈಗಾಗಲೇ ಮನೆಗೆ ತಂದುಕೊಂಡವರು, ಅದು ತೋಳವೋ ಹಸ್ಕಿಯೋ ಏನೇ ಇರಲಿ, ಸಂತಾನಹರಣ ಮಾಡಿಸಿ, ಮೈಕ್ರೊಚಿಪ್ ಹಾಕಿಸಿ, ಲಸಿಕೆಯ ದಾಖಲೆ ಇಟ್ಟುಕೊಂಡು, ಕಂಪೌಂಡು ಎತ್ತರಿಸಿ ಅದು ಬದುಕಿರುವಷ್ಟು ಕಾಲವೂ ತಾವೇ ಸಾಕಲಿ. ಹನ್ನೆರಡು-ಹದಿಮೂರು ವರ್ಷವಾದೀತು. ವೀಸಾ ನವೀಕರಿಸುವಾಗ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.