ಎರಡು ಸಿಂಹ, ಒಂದು ನೆರಳು

ಕಲಬುರಗಿಯ ಅಪ್ಪನ ಕೆರೆಯ ದಂಡೆಯ ಮೇಲೆ ಸಂಜೆ ಕೂಡುವ ನಮ್ಮ ನಾಲ್ವರ ಬಳಗವು ಊರಿಗೆ ಎರಡು ಗಂಡು ಸಿಂಹಗಳನ್ನು ಮಂಜೂರು ಮಾಡಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಲು ತೀರ್ಮಾನಿಸಿದ್ದು ಮೇ ತಿಂಗಳಲ್ಲಿ, ಅಂದರೆ ಮನುಷ್ಯನ ಮೆದುಳು ಕೂಡ ಉಳಿದ ಅಂಗಗಳಂತೆ ಬೆವರುವ ಕಾಲದಲ್ಲಿ. ಕರಡು ಬರೆದವರು ನಿವೃತ್ತ ಶಿರಸ್ತೇದಾರರು. ಕಡತಗಳನ್ನು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ದಾಟಿಸುವುದರಲ್ಲಿ ಆಯುಷ್ಯ ಕಳೆದ ಅವರಿಗೆ, ಯಾವ ಬೇಡಿಕೆಯನ್ನಾದರೂ ಅನ್ಯಾಯದಿಂದಲೇ ಆರಂಭಿಸಬೇಕೆಂಬುದು ಚೆನ್ನಾಗಿ ಗೊತ್ತು. ಮೈಸೂರಿನ ಮೃಗಾಲಯ 1892ರಲ್ಲೇ ಆಯಿತು, ಬೆಂಗಳೂರಿನವರಿಗೆ ಬನ್ನೇರುಘಟ್ಟವಿದೆ, ಶಿವಮೊಗ್ಗದವರಿಗೆ ತ್ಯಾವರೆಕೊಪ್ಪವಿದೆ, ಕಲಬುರಗಿಯ ಮಗು ಮಾತ್ರ ಸಿಂಹವನ್ನು ನೋಡಲು ರೈಲು ಹತ್ತಿ ಇನ್ನೊಂದು ರಾಜ್ಯದ ರಾಜಧಾನಿಗೆ ಹೋಗಬೇಕು ಎಂದು ಮೊದಲ ಪುಟ ತುಂಬಿತು. ಹೊಸಪೇಟೆಯ ಹತ್ತಿರದ ಕಮಲಾಪುರವೂ ಕಲ್ಯಾಣ ಕರ್ನಾಟಕದ್ದೇ, ಅಲ್ಲಿಯ ಮೃಗಾಲಯದಲ್ಲಿ ಸಿಂಹಗಳಿವೆಯಲ್ಲ ಎಂದು ನಾನು ನೆನಪಿಸಿದಾಗ, "ಅದು ತುಂಗಭದ್ರಾದ ಆಚೀಗಿ ಅದ್ರಿ, ನಮ್ಮ ಲೆಕ್ಕಕ್ಕ ಹಚ್ಚಬ್ಯಾಡ್ರಿ" ಎಂದು ಅವರು ಪುಟ ತಿರುವಿದರು.

ಎರಡನೆಯ ಪುಟದಲ್ಲಿ, ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371 ಜೆ ವಿಧಿ ಬಂದಿತು. ಬರುವ ಸಿಂಹಗಳನ್ನು ಸ್ಥಳೀಯ ವೃಂದಕ್ಕೆ ಸೇರಿಸಬೇಕೋ ಉಳಿಕೆ ವೃಂದಕ್ಕೆ ಸೇರಿಸಬೇಕೋ ಎಂಬುದರ ಮೇಲೆ ಅರ್ಧ ಗಂಟೆ ಕಳೆಯಿತು. ಸ್ಥಳೀಯವೆನ್ನಿಸಿಕೊಳ್ಳಲು ಇಲ್ಲಿಯೇ ಹುಟ್ಟಿರಬೇಕು ಅಥವಾ ಹತ್ತು ವರ್ಷ ನೆಲೆಸಿರಬೇಕು. ಕಾಡಿನ ಗಂಡು ಸಿಂಹಕ್ಕೆ ಹತ್ತು ಹನ್ನೆರಡು ವರ್ಷವೆಂದರೆ ಪೂರ್ಣಾಯುಷ್ಯ, ಹೀಗಾಗಿ ಅದು ಅರ್ಹತಾ ಪತ್ರ ಪಡೆಯುವ ದಿನವೂ ಶಿವನ ಪಾದ ಸೇರುವ ದಿನವೂ ಒಂದೇ ಆಗುವ ಸಂಭವವಿತ್ತು. ಈ ವಿಷಯವನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಯಿತು.

ಗಂಡು ಸಿಂಹಗಳೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು: ಅವು ಬೇಗ ಸಿಗುತ್ತವೆ. ಸಿಂಹದ ಮರಿಗಳಲ್ಲಿ ಗಂಡೂ ಹೆಣ್ಣೂ ಹೆಚ್ಚು ಕಡಿಮೆ ಸಮವಾಗಿ ಹುಟ್ಟುತ್ತವೆ, ಆದರೆ ಮೃಗಾಲಯದ ಒಂದು ಗುಂಪಿಗೆ ಒಂದೋ ಎರಡೋ ಗಂಡು ಸಾಕು. ಉಳಿದ ಗಂಡುಮರಿಗಳಿಗೆ ಎರಡು ಮೂರು ವರ್ಷ ತುಂಬಿ, ಕೊರಳ ಸುತ್ತ ಕೇಸರ ಚಿಗುರಿ, ತಂದೆಯ ಎದುರು ನಿಂತು ಗುರುಗುಟ್ಟತೊಡಗಿದಾಗ ಅವುಗಳನ್ನು ಎಲ್ಲಿಡುವುದು ಎಂಬುದು ಜಗತ್ತಿನ ಎಲ್ಲ ಮೃಗಾಲಯಗಳ ತಲೆನೋವು. ಕಾಡಿನಲ್ಲಾದರೆ ಅವುಗಳನ್ನು ಗುಂಪು ಹೊರಗೆ ಅಟ್ಟುತ್ತದೆ, ಅವು ಅಲೆದಾಡುತ್ತ ಹೋಗುತ್ತವೆ. ಮೃಗಾಲಯದಲ್ಲಿ ಅಟ್ಟಲು ಹೊರಗೆಂಬುದೇ ಇಲ್ಲ, ಆದ್ದರಿಂದ ವರ್ಗಾವಣೆ ಮಾಡಬೇಕಾಗುತ್ತದೆ. ಜಗಳವಾಡಿದವರನ್ನೂ, ಯಾರಿಗೂ ಬೇಡವಾದವರನ್ನೂ, ಮೇಲಿನವರ ಕೆಂಗಣ್ಣಿಗೆ ಗುರಿಯಾದವರನ್ನೂ ಎಲ್ಲಿಗೆ ಕಳಿಸಬೇಕೆಂಬ ಪ್ರಶ್ನೆಗೆ ಬೆಂಗಳೂರಿನ ಬಳಿ ಹಿಂದಿನಿಂದಲೂ ಒಂದೇ ಉತ್ತರವಿದೆ. ಆ ಉತ್ತರದಲ್ಲಿಯೇ ನಾವೆಲ್ಲ ವಾಸಿಸುತ್ತಿದ್ದೇವೆ. ಶಿಕ್ಷೆಯ ವರ್ಗಾವಣೆಯ ಮೇಲೆ ಬಂದ ಅಧಿಕಾರಿಗಳನ್ನು ಇಷ್ಟು ವರ್ಷ ಸಾಕಿದ ಊರಿಗೆ ಎರಡು ಸಿಂಹ ಭಾರವಾಗಲಾರವು ಎಂದು ಶಿರಸ್ತೇದಾರರು ಹೇಳಿದ್ದನ್ನು ನಾನು ತಳ್ಳಿಹಾಕಲಾರದೆ ಹೋದೆ. ಅಧಿಕಾರಿಯಾದರೂ ಮರುದಿನವೇ ನ್ಯಾಯಮಂಡಳಿಯಿಂದ ತಡೆಯಾಜ್ಞೆ ತರುತ್ತಾನೆ, ಸಿಂಹಕ್ಕೆ ಆ ಸೌಲಭ್ಯವೂ ಇಲ್ಲ.

ತಕರಾರು ಎದ್ದದ್ದು ಮೂರನೆಯ ಪುಟದಲ್ಲಿ. ನಮ್ಮ ಬಳಗದ ಗುತ್ತಿಗೆದಾರರು ತಯಾರಿಸಿದ ಅಂದಾಜು ಪಟ್ಟಿಯಲ್ಲಿ ಎರಡು ಗಂಡು ಸಿಂಹಗಳಿಗೆ ಒಂದು ಅಂಗಳ, ಒಂದು ಕೋಣೆ, ಒಂದು ಬಾಗಿಲು, ಒಂದು ನೀರಿನ ತೊಟ್ಟಿ, ಒಂದು ಬೇವಿನ ಮರ ಎಂದಿತ್ತು. ಮೃಗಾಲಯಗಳ ಮಾನ್ಯತೆಗೆಂದು 2009ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ ಒಂದು ಜೋಡಿ ಸಿಂಹಕ್ಕೆ ಕನಿಷ್ಠ ಸಾವಿರ ಚದರ ಮೀಟರ್ ಹೊರಾಂಗಣ ಬೇಕೆಂದಿದೆಯಲ್ಲ ಎಂದೆ. ಶಿರಸ್ತೇದಾರರು ಬೆರಳಿನಲ್ಲೇ ಲೆಕ್ಕ ಹಾಕಿ, "ಹತ್ತು ಗುಂಟೆಕ್ಕ ತುಸು ಕಮ್ಮಿ" ಎಂದರು. ಹತ್ತು ಗುಂಟೆ ಜಮೀನಿಗಾಗಿ ಅಣ್ಣ ತಮ್ಮಂದಿರು ಮೂರು ತಲೆಮಾರು ಕಚೇರಿ ಅಲೆದದ್ದನ್ನು ಕಂಡ ಮನುಷ್ಯ, ಅದೇ ಹತ್ತು ಗುಂಟೆಯಲ್ಲಿ ನೂರೈವತ್ತರಿಂದ ಇನ್ನೂರು ಕಿಲೋ ತೂಗುವ ಎರಡು ಗಂಡು ಪ್ರಾಣಿಗಳು ಹೊಂದಿಕೊಂಡು ಇರುತ್ತವೆಂದು ಹೇಗೆ ನಂಬಿದರೋ ತಿಳಿಯದು.

"ಅಣ್ತಮ್ಮರನ್ನೇ ಕಳಸ್ರಿ ಅಂತ ಬರೀತೀನ್ರಿ. ರಕ್ತ ಒಂದೇ ಇದ್ದ ಮ್ಯಾಗ ಜಗಳ ಯಾಕ ಆಗ್ತದ?" ಎಂದರು ಅವರು.

ಈ ಮಾತಿಗೆ ಬಳಗದ ವಕೀಲರು ನಕ್ಕ ನಗೆಗೆ ಕೆರೆಯ ಬಾತುಗಳು ಬೆದರಿ ಎದ್ದವು. ಅವರ ಮನೆಯ ಮೂರು ಅಂತಸ್ತುಗಳೂ ಅಣ್ಣ ತಮ್ಮಂದಿರ ವಾಟ್ನಿ ದಾವೆಗಳ, ಅಂದರೆ ಆಸ್ತಿ ಪಾಲಿನ ಜಗಳಗಳ ಮೇಲೆಯೇ ನಿಂತಿವೆ.

ಆದರೂ ಶಿರಸ್ತೇದಾರರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಬೆಕ್ಕಿನ ಕುಲದಲ್ಲಿ ಗುಂಪು ಕಟ್ಟಿ ಬಾಳುವುದಕ್ಕೆ ಹೆಸರಾದದ್ದು ಸಿಂಹ, ಗಂಡು ಸಿಂಹಗಳೂ ಒಟ್ಟಿಗೆ ಇರಬಲ್ಲವು. ಹೊರದಬ್ಬಿಸಿಕೊಂಡ ಅಣ್ಣ ತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಕೆಲವೊಮ್ಮೆ ಯಾವ ಸಂಬಂಧವೂ ಇಲ್ಲದ ಎರಡು ಮೂರು ಗಂಡುಗಳು ಕೂಟ ಕಟ್ಟಿಕೊಂಡು, ಇನ್ನೊಂದು ಗುಂಪಿನ ಗಂಡನ್ನು ಓಡಿಸಿ, ಎರಡು ಮೂರು ವರ್ಷ ಆಳುತ್ತವೆ. ಒಂದರ ಮೈಯನ್ನು ಇನ್ನೊಂದು ನೆಕ್ಕುತ್ತದೆ, ತಲೆಗೆ ತಲೆ ಉಜ್ಜುತ್ತದೆ, ಇಬ್ಬರೂ ಕೂಡಿ ಗರ್ಜಿಸಿದರೆ ಎಂಟು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಈ ಸ್ನೇಹಕ್ಕೆ ಬೇಕಾದ ಸಾಮಾನು ಒಂದೇ, ಅದು ಜಾಗ. ಸಿಟ್ಟು ಬಂದಾಗ ಎದ್ದು ಹೋಗಿ ಗುಡ್ಡದ ಹಿಂದೆ ಮಲಗಲು ಒಂದು ಗುಡ್ಡ ಬೇಕು.

ಈ ವಿದ್ಯೆಗೆ ಆಫ್ರಿಕಾಕ್ಕೆ ಹೋಗಬೇಕಾಗಿಲ್ಲ, ನಮ್ಮ ಕೋಟೆಯವರೆಗೆ ನಡೆದರೆ ಸಾಕು. 1397ರಲ್ಲಿ ಇಲ್ಲಿಯ ಬಹಮನಿ ಸಿಂಹಾಸನ ಒಂದೇ ವರ್ಷದಲ್ಲಿ ಮೂರು ಸಲ ಕೈ ಬದಲಾಯಿಸಿತು. ಮೂರನೆಯ ಸಲ ಅದನ್ನು ಹಿಡಿದವರು ಅಣ್ಣ ಫಿರೋಜ್ ಮತ್ತು ತಮ್ಮ ಅಹ್ಮದ್. ಇಬ್ಬರೂ ಜೀವ ಉಳಿಸಿಕೊಂಡು ಇಂದಿನ ಯಾದಗಿರಿ ಜಿಲ್ಲೆಯ ಸಗರಕ್ಕೆ ಓಡಿ, ಅಲ್ಲಿ ಬಲ ಕೂಡಿಸಿಕೊಂಡು ಮರಳಿ ಬಂದರು. ಸೆರೆಂಗೆಟಿಯ ಯಾವ ಸಿಂಹದ ಜೋಡಿಯೂ ಇದಕ್ಕಿಂತ ಚೆನ್ನಾಗಿ ಮಾಡುತ್ತಿರಲಿಲ್ಲ. ಅಣ್ಣ ಗದ್ದುಗೆಯ ಮೇಲೆ, ತಮ್ಮ ಪಕ್ಕದಲ್ಲಿ, ಹೀಗೆ ಇಪ್ಪತ್ತೈದು ವರ್ಷ ನಡೆಯಿತು. ಅಣ್ಣನಿಗೆ ತನ್ನ ಮಗನನ್ನು ಪಟ್ಟಕ್ಕೆ ತರುವ ಮನಸ್ಸಾಯಿತು, ಅಲ್ಲಿಗೆ ಕೂಟ ಮುರಿಯಿತು. 1422ರಲ್ಲಿ ಸುಲ್ತಾನನಾದ ತಮ್ಮ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನೇ ಬೀದರಿಗೆ ಸಾಗಿಸಿದ. ಅಣ್ಣನ ಗೋರಿ ನಮ್ಮ ಹಫ್ತ್ ಗುಂಬಜಿನಲ್ಲಿದೆ, ತಮ್ಮನದು ಬೀದರಿನ ಹತ್ತಿರದ ಅಷ್ಟೂರಿನಲ್ಲಿದೆ, ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಒಂದೇ ಒರೆಯಲ್ಲಿ ಎರಡು ಕತ್ತಿ ಕಾಲು ಶತಮಾನ ಇದ್ದವೆಂದರೆ ಒರೆ ಎಷ್ಟು ದೊಡ್ಡದಿತ್ತೆಂದು ಲೆಕ್ಕ ಹಾಕಬೇಕು. ಕೃಷ್ಣೆಯಿಂದ ಗೋದಾವರಿಯವರೆಗೆ ರಾಜ್ಯವಿದ್ದ ಸಹೋದರರಿಗೇ ಸಾಲದಾಗಿ ಹೋದದ್ದನ್ನು ನಮ್ಮ ಗುತ್ತಿಗೆದಾರರು ಹತ್ತು ಗುಂಟೆಯಲ್ಲಿ ಮುಗಿಸಲು ಹೊರಟಿದ್ದರು.

ಸಿಂಹಗಳು ಕಾದಾಡಿದರೆ ಏನು ಮಾಡಬೇಕೆಂಬುದಕ್ಕೂ ಮನವಿಯಲ್ಲಿ ಒಂದು ಕಂಡಿಕೆ ಇತ್ತು. ಮೊದಲು ಕಾರಣ ಕೇಳಿ ನೋಟಿಸು. ನಿಗದಿತ ಅವಧಿಯಲ್ಲಿ ಲಿಖಿತ ಸಮಜಾಯಿಷಿ ಬಾರದಿದ್ದರೆ, ಹೇಳಲು ಏನೂ ಇಲ್ಲವೆಂದು ಭಾವಿಸಿ ಏಕಪಕ್ಷೀಯ ಕ್ರಮ. ಆಮೇಲೆ ಹಬ್ಬದ ಮುಂಚೆ ಪೊಲೀಸ್ ಠಾಣೆಗಳಲ್ಲಿ ನಡೆಯುವ ಮಾದರಿಯ ಶಾಂತಿ ಸಭೆ: ಗಣ್ಯರು, ಚಹಾ, ಬಿಸ್ಕೀಟು. ಕೊನೆಗೆ ತನಿಖಾ ವರದಿ. ಆ ವರದಿಯ ಒಕ್ಕಣೆಯನ್ನೂ ಶಿರಸ್ತೇದಾರರು ಮುಂಗಡವಾಗಿಯೇ ಸಿದ್ಧಪಡಿಸಿ ಇಟ್ಟಿದ್ದರು: "ಸದರಿ ಪ್ರಾಣಿಯು ಸ್ವಭಾವತಃ ಆಕ್ರಮಣಕಾರಿಯಾಗಿದ್ದು, ಘಟನೆಗೆ ಸಿಬ್ಬಂದಿಯಾಗಲಿ ಕಟ್ಟಡವಾಗಲಿ ಕಾರಣವಲ್ಲ."

ಈ ಒಂದು ವಾಕ್ಯದಲ್ಲಿ ಇಡೀ ಆಡಳಿತ ಶಾಸ್ತ್ರವೇ ಅಡಗಿದೆ. ಗಂಡು ಸಿಂಹಗಳು ಯಾವಾಗ ಕಾದಾಡುತ್ತವೆ ಎಂಬುದು ಮೃಗಾಲಯದ ಪಾಲಕರಿಗೆ ಗೊತ್ತಿಲ್ಲದ ರಹಸ್ಯವಲ್ಲ. ಮಾಂಸವನ್ನು ಒಂದೇ ಕಡೆ ಹಾಕಿದಾಗ. ಪಕ್ಕದ ಪಂಜರದಲ್ಲಿ ಬೆದೆಗೆ ಬಂದ ಹೆಣ್ಣಿನ ವಾಸನೆ ಗಾಳಿಯಲ್ಲಿ ಬಂದಾಗ. ಹೊಸ ಗಂಡನ್ನು ದಿಢೀರನೆ ಒಳಗೆ ಬಿಟ್ಟಾಗ. ಇಕ್ಕಟ್ಟಾದ ಬಾಗಿಲಲ್ಲಿ ಎರಡೂ ಒಟ್ಟಿಗೆ ನುಗ್ಗಬೇಕಾದಾಗ. ಸೋತದ್ದು ಹಿಂದೆ ಸರಿಯಲು ಹೋಗಿ ಮೂಲೆಗೆ ಸಿಕ್ಕಿಬಿದ್ದಾಗ. ಬಯಲಿನಲ್ಲಿ ಸೋತ ಸಿಂಹ ಓಡಿಹೋಗುತ್ತದೆ, ಅಲ್ಲಿಗೆ ಜಗಳ ಬಹುಪಾಲು ಮುಗಿಯುತ್ತದೆ. ಆವರಣದಲ್ಲಿ ಸೋತದ್ದು ಓಡಿ ಗೋಡೆ ಮುಟ್ಟಿ ಗೆದ್ದವನ ಬಾಯಿಗೇ ತಿರುಗಿ ಬರುತ್ತದೆ. ಆದ್ದರಿಂದಲೇ ಬಲ್ಲವರು ಪ್ರತಿ ಪ್ರಾಣಿಗೂ ಬೇರೆ ಊಟದ ಕೋಣೆ ಇಡುತ್ತಾರೆ. ನಮ್ಮ ನಿಯಮದಲ್ಲೇ ಅದರ ಅಳತೆಯಿದೆ, ಉದ್ದ 2.75 ಮೀಟರ್, ಅಗಲ 1.80 ಮೀಟರ್, ಎತ್ತರ 3 ಮೀಟರ್. ಹೊಸದಾಗಿ ಪರಿಚಯ ಮಾಡಿಸುವಾಗ ನಡುವೆ ಜಾಲರಿ ಇಟ್ಟು ವಾರಗಟ್ಟಲೆ ಬರೀ ನೋಡಲು, ಮೂಸಲು ಬಿಡುತ್ತಾರೆ. ಅಂಗಳದಲ್ಲಿ ಮೂಲೆಯಾಗದಂತೆ ದಾರಿ, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಬಂಡೆ, ದಿಬ್ಬ ಇಡುತ್ತಾರೆ. ಇಷ್ಟಾದರೂ ಹೊಂದದಿದ್ದರೆ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಪಾಳಿಯ ಮೇಲೆ ಹೊರಗೆ ಬಿಡುತ್ತಾರೆ. ಇವೆಲ್ಲಕ್ಕೂ ಗಾರೆ, ಕಬ್ಬಿಣ ಮತ್ತು ಹಣ ಬೇಕು. ಸ್ವಭಾವಕ್ಕೆ ಮಾತ್ರ ಏನೂ ಬೇಡ, ಅದನ್ನು ಪುಕ್ಕಟೆಯಾಗಿ ಬರೆಯಬಹುದು.

2016ರ ಮೇ ತಿಂಗಳಲ್ಲಿ, ನಮ್ಮ ಮಕ್ಕಳು ಸಿಂಹ ನೋಡಲು ಹೋಗುವ ಅದೇ ಹೈದರಾಬಾದಿನ ಮೃಗಾಲಯದಲ್ಲಿ, ಕುಡಿದ ಒಬ್ಬ ಮಹಾಶಯ ಬೇಲಿ ದಾಟಿ ಸಿಂಹಗಳ ಆವರಣಕ್ಕೆ ಧುಮುಕಿದ. ಪಾಲಕನ ಸಮಯಪ್ರಜ್ಞೆಯಿಂದ ಸಿಂಹಗಳು ಅತ್ತ ತಿರುಗಿದವು, ಅವನು ಗಾಯವಿಲ್ಲದೆ ಹೊರಬಂದ. ಆ ದಿನ ಆವರಣದಲ್ಲಿ ಸ್ವಭಾವತಃ ಆಕ್ರಮಣಕಾರಿಯಾಗಿದ್ದವರು ಯಾರೆಂದು ಶಿರಸ್ತೇದಾರರನ್ನು ಕೇಳಿದೆ. ಸಿಂಹದ ಸೇವಾ ಪುಸ್ತಕದಲ್ಲಿ ಅದನ್ನು ನಮೂದಿಸಲು ಅವಕಾಶವಿಲ್ಲ ಎಂದರು.

ವಕೀಲರು ಒಂದು ವೈದ್ಯಕೀಯ ಪರಿಹಾರ ಸೂಚಿಸಿದರು: ಎರಡಕ್ಕೂ ಬೀಜ ತೆಗೆಸಿಬಿಡುವುದು. ಇದು ಜಗತ್ತಿನಲ್ಲಿ ನಡೆಯದ ಸಂಗತಿಯೇನೂ ಅಲ್ಲ, ಆದರೆ ಬೀಜ ತೆಗೆದ ಸಿಂಹದ ಕೇಸರ ಉದುರಿಹೋಗುತ್ತದೆ. ಅಷ್ಟು ಹೇಳಿದ್ದೇ ತಡ, ಗುತ್ತಿಗೆದಾರರು ಗಾಬರಿಯಾದರು. ಕೇಸರವಿಲ್ಲದ ಸಿಂಹಕ್ಕೆ ಜನ ಟಿಕೇಟು ಕೊಳ್ಳುವರೇ ಎಂಬುದು ಅವರ ಚಿಂತೆ. ಕೇಸರದ ಮಹತ್ವವನ್ನು ಸಿಂಹಗಳೂ ಬಲ್ಲವು. ಪೇಟನ್ ವೆಸ್ಟ್ ಮತ್ತು ಕ್ರೇಗ್ ಪ್ಯಾಕರ್ ಎಂಬ ವಿಜ್ಞಾನಿಗಳು ಸೆರೆಂಗೆಟಿಯಲ್ಲಿ ಬೇರೆ ಬೇರೆ ಕೇಸರ ತೊಡಿಸಿದ ಸಿಂಹದ ಬೊಂಬೆಗಳನ್ನು ನಿಲ್ಲಿಸಿ, ಹೆಣ್ಣುಗಳು ಕಪ್ಪು ಕೇಸರದ ಬೊಂಬೆಯ ಕಡೆಗೆ ಹೋಗುವುದನ್ನೂ, ಗಂಡುಗಳು ಅದರಿಂದ ದೂರ ಸರಿಯುವುದನ್ನೂ ಕಂಡು 2002ರಲ್ಲಿ ಪ್ರಕಟಿಸಿದರು. ಇದನ್ನು ಕೇಳಿದ ವಕೀಲರು ತಮ್ಮ ತಲೆಯನ್ನು ಒಮ್ಮೆ ಸವರಿಕೊಂಡರು. ಪ್ರತಿ ಹದಿನೈದು ದಿನಕ್ಕೊಮ್ಮೆ ಅದು ಕಪ್ಪಾಗುವುದನ್ನು ನಾವೆಲ್ಲ ಬಲ್ಲೆವು. ಗುತ್ತಿಗೆದಾರರಿಗೆ ಹಿಡಿಸಿದ್ದು ಬೊಂಬೆಯ ವಿಚಾರ. ಬೊಂಬೆಗೆ ಮಾಂಸ ಬೇಡ, ವೈದ್ಯ ಬೇಡ, ಎರಡನ್ನಲ್ಲ ಇಪ್ಪತ್ತನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿದರೂ ಶಾಂತಿಭಂಗವಿಲ್ಲ. ನಿಜವಾದ ಸಿಂಹವೂ ದಿನಕ್ಕೆ ಹದಿನೆಂಟು ಇಪ್ಪತ್ತು ಗಂಟೆ ಮಲಗಿಯೇ ಇರುವುದರಿಂದ ನೋಡುಗರಿಗೆ ವ್ಯತ್ಯಾಸ ತಿಳಿಯದು ಎಂಬ ಅವರ ವಾದ ತಾಂತ್ರಿಕವಾಗಿ ಬಲವಾಗಿಯೇ ಇತ್ತು.

ಸಿಂಹಗಳಿಗೆ ಹೆಸರಿಡುವ ಕಂಡಿಕೆಯನ್ನು ನಾನೇ ಹೊಡೆದುಹಾಕಿಸಿದೆ. 2024ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಒಂದು ಜೋಡಿ ಸಿಂಹಗಳ ಹೆಸರಿನ ಜಗಳ ಹೈಕೋರ್ಟಿನವರೆಗೆ ಹೋಗಿತ್ತು. ಆ ದಿನಗಳಲ್ಲಿ ನಾನು ಓದಿದ ಸುದ್ದಿಯಲ್ಲೆಲ್ಲ ಅವುಗಳ ಹೆಸರಿತ್ತೇ ಹೊರತು ಅವುಗಳ ಕೋಣೆಯ ಅಳತೆ ಇರಲಿಲ್ಲ.

ಉಳಿದದ್ದು ನೆರಳು. ನಮ್ಮಲ್ಲಿ ಮೇ ತಿಂಗಳೆಂದರೆ 43, 44 ಡಿಗ್ರಿ. ಆಗ ಕಲಬುರಗಿಯ ನಿಜವಾದ ಆಸ್ತಿ ಹೊಲವೂ ಅಲ್ಲ, ತೊಗರಿಯೂ ಅಲ್ಲ, ಮರದ ಕೆಳಗಿನ ಜಾಗ. ಬಸ್ ನಿಲ್ದಾಣದಲ್ಲಿ ಕಂಬದ ನೆರಳಿಗೆ ಸಾಲುಗಟ್ಟಿ ನಿಲ್ಲುವವರು ನಾವು. ಒಂದು ಬೇವಿನ ಮರದ ಕೆಳಗೆ ಎರಡು ಗಂಡು ಸಿಂಹಗಳಲ್ಲಿ ಯಾವುದು ಮಲಗಬೇಕೆಂಬುದನ್ನು ಯಾವ ಶಾಂತಿ ಸಭೆಯೂ ತೀರ್ಮಾನಿಸಲಾರದು, ಆದ್ದರಿಂದ ಇನ್ನೊಂದು ಮರ, ಇನ್ನೊಂದು ತೊಟ್ಟಿ, ಇನ್ನೊಂದು ಬಾಗಿಲು, ನಡುವೆ ಒಂದು ಗೋಡೆ, ಇಷ್ಟನ್ನು ಪಟ್ಟಿಗೆ ಸೇರಿಸಿರೆಂದು ಕೇಳಿಕೊಂಡೆ. ಗುತ್ತಿಗೆದಾರರು ಬೇಸರದಿಂದ ಪಟ್ಟಿ ತೋರಿಸಿದರು. ಉಳಿದ ಹಣವೆಲ್ಲ ಆಗಲೇ ಸ್ವಾಗತ ಕಮಾನಿಗೆ ಹೋಗಿತ್ತು. ಕಮಾನಿನ ಮೇಲೆ ಸಿಮೆಂಟಿನ ಎರಡು ಗಂಡು ಸಿಂಹಗಳು ಎದುರುಬದುರಾಗಿ ನಿಲ್ಲುವಂತೆ ನಕ್ಷೆಯಿತ್ತು, ಅವುಗಳ ನಡುವೆ ಶಾಸಕರ ಭಾವಚಿತ್ರಕ್ಕೆ ಸಾಕಷ್ಟು ಅಂತರ ಬಿಡಲಾಗಿತ್ತು.

ಮನವಿ ಸಿದ್ಧವಾಗಿ ಸಹಿಗೆ ಬಂದಿತು. ಕರಡು ಬರೆದವರು ತಾವಾದ್ದರಿಂದ ಮೊದಲ ಸಹಿ ತಮ್ಮದೆಂದು ಶಿರಸ್ತೇದಾರರು ಹೇಳಿದರು. ಕಾನೂನಿನ ಭಾಗ ತಮ್ಮದಾದ್ದರಿಂದ ಮೊದಲ ಸಹಿ ತಮ್ಮದೆಂದು ವಕೀಲರು ಹೇಳಿದರು. ಮಾತಿಗೆ ಮಾತು ಬೆಳೆದು, "ಇಪ್ಪತ್ತು ವರ್ಷದಿಂದ ಈ ಬೆಂಚಿನ ನೆರಳಿನ ಬಾಜೂ ನೀವೇ ಕೂಡ್ಲಾಕತ್ತೀರಿ, ನಾ ಎಂದಾರ ಕೇಳೀನೇನ್ರಿ?" ಎಂಬಲ್ಲಿಗೆ ಬಂದು ನಿಂತಿತು. ಗುತ್ತಿಗೆದಾರರೂ ನಾನೂ ನಡುವೆ ನಿಂತು ಸಮಾಧಾನ ಹೇಳಲು ನೋಡಿದೆವು, ಆಗಲಿಲ್ಲ.

ಮನವಿ ಇನ್ನೂ ನನ್ನ ಬಳಿಯೇ ಇದೆ. ಈಗ ಶಿರಸ್ತೇದಾರರು ಕೆರೆಯ ದಂಡೆಗೆ ಬೆಳಿಗ್ಗೆ ಬರುತ್ತಾರೆ, ವಕೀಲರು ಸಂಜೆ ಬರುತ್ತಾರೆ.