ಸ್ಪಷ್ಟನೆ: ‘ಫೇಸ್‌ಬುಕ್‌ಮೇಲ್ ಡಾಟ್ ಕಾಮ್’ ನಕಲಿ ವಿಳಾಸವಲ್ಲ

‘ಫೇಸ್‌ಬುಕ್‌ಮೇಲ್ ಡಾಟ್ ಕಾಮ್‌ನಿಂದ ಬರುವ ಇಮೇಲ್‌ಗಳೆಲ್ಲ ಮೋಸ, ಕಂಡ ಕೂಡಲೇ ಅಳಿಸಿ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಆ ವಿಳಾಸ ಫೇಸ್‌ಬುಕ್‌ನದೇ. ಲಾಗಿನ್ ಎಚ್ಚರಿಕೆಗಳು ಅಲ್ಲಿಂದಲೇ ಬರುತ್ತವೆ. ಯಾರೋ ನಿಮ್ಮ ಖಾತೆಗೆ ನುಗ್ಗುತ್ತಿರುವಾಗ ಬಂದ ನಿಜವಾದ ಎಚ್ಚರಿಕೆಯನ್ನೇ ಅಳಿಸಿಬಿಟ್ಟರೆ ಕಳ್ಳನಿಗೆ ಅನುಕೂಲ. ಇಂಥ ಅರೆಬೆಂದ ಸಲಹೆಯ ಅಪಾಯ ಅದೇ, ಹಾಗಾಗಿಯೇ ಇದನ್ನು ಬರೆಯಬೇಕಾಯಿತು.

ಹಾಗೆಂದು ವಿಳಾಸವೊಂದನ್ನೇ ನಂಬುವುದೂ ಸಲ್ಲ. ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು. ಫೇಸ್‌ಬುಕ್‌ನ ವ್ಯಾಪಾರ ಪುಟಗಳ ಆಮಂತ್ರಣ ಸೌಲಭ್ಯವನ್ನು ದುರುಪಯೋಗಪಡಿಸಿಕೊಂಡು, ಅಸಲಿ ವಿಳಾಸದಿಂದಲೇ ಮೋಸದ ಕೊಂಡಿ ತಲುಪಿಸಿದ ಪ್ರಕರಣಗಳೂ ಇವೆ. ‘24 ಗಂಟೆಯೊಳಗೆ ಖಾತೆ ರದ್ದಾಗುತ್ತದೆ’ ಎಂದು ಹೆದರಿಸಿ ಪಾಸ್‌ವರ್ಡ್ ಕೇಳುವ ಪತ್ರ ಎಲ್ಲಿಂದ ಬಂದಿದ್ದರೂ ಅದರ ಕೊಂಡಿಯನ್ನು ಒತ್ತಬೇಡಿ.

ಪರೀಕ್ಷಿಸುವ ದಾರಿ ಸುಲಭ. ಇಮೇಲ್ ಮುಚ್ಚಿ, ಫೇಸ್‌ಬುಕ್ ಆ್ಯಪ್ ಅನ್ನು ನೀವೇ ತೆರೆಯಿರಿ. ಸೆಟ್ಟಿಂಗ್ಸ್‌ನ ಭದ್ರತಾ ವಿಭಾಗದಲ್ಲಿ ಸಂಸ್ಥೆ ಇತ್ತೀಚೆಗೆ ಕಳುಹಿಸಿದ ಇಮೇಲ್‌ಗಳ ಪಟ್ಟಿ ಇರುತ್ತದೆ. ಇನ್‌ಸ್ಟಾಗ್ರಾಮ್‌ಗೂ ಇಂಥದೇ ಸೌಲಭ್ಯವಿದೆ. ಬಂದ ಎಚ್ಚರಿಕೆ ಅಲ್ಲಿ ಕಾಣದಿದ್ದರೆ ಅದನ್ನು ನಂಬಬೇಡಿ. ಈಗಾಗಲೇ ಪಾಸ್‌ವರ್ಡ್ ಕೊಟ್ಟಿದ್ದರೆ ತಕ್ಷಣ ಬದಲಿಸಿ, ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ವ್ಯವಸ್ಥೆ) ಹಾಕಿಕೊಳ್ಳಿ. ಹಣವೂ ಹೋಗಿದ್ದರೆ ಭಾರತದಲ್ಲಿ 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿ.